ಎಚ್‌ಎಂಟಿ ಟ್ರ್ಯಾಕ್ಟರಿನ ಡ್ರಾಯಿಂಗುಗಳನ್ನು ನಮಗೆ ಕೊಡಿಸಿ

ಕೇಂದ್ರ ಬೃಹತ್ ಕೈಗಾರಿಕೆ ಸಚಿವರಾದ ಶ್ರೀ ಎಚ್.ಡಿ. ಕುಮಾರಸ್ವಾಮಿ ಅವರಿಗೆ,

ಶಿರಸಿ ತಾಲೂಕಿನ ಬನವಾಸಿ ಹೋಬಳಿಯ ಒಬ್ಬ ರೈತನ ನಮಸ್ಕಾರಗಳು.

ಮಾನ್ಯರೇ, ಕೇಳಬೇಕಾದ್ದನ್ನು ಮೊದಲೇ ಕೇಳಿಬಿಡುತ್ತೇನೆ. ಹರಿಯಾಣದ ಪಿಂಜೋರಿನ ಎಚ್‌ಎಂಟಿ ಕಾರ್ಖಾನೆಯಲ್ಲಿ ತಯಾರಾದ ಟ್ರ್ಯಾಕ್ಟರುಗಳ ಡ್ರಾಯಿಂಗು, ಪಾರ್ಟ್ಸ್ ಕ್ಯಾಟಲಾಗು, ವರ್ಕ್‌ಶಾಪ್ ಮ್ಯಾನ್ಯುಯಲ್ಲು ಇವನ್ನೆಲ್ಲ ಸ್ಕ್ಯಾನ್ ಮಾಡಿಸಿ. ಯಾರು ಬೇಕಾದರೂ ದುಡ್ಡಿಲ್ಲದೆ ಇಳಿಸಿಕೊಳ್ಳುವ ಹಾಗೆ ಇಲಾಖೆಯ ಜಾಲತಾಣದಲ್ಲಿ ಇಡಿಸಿ. ಈ ಪತ್ರದಲ್ಲಿರುವ ಕೋರಿಕೆ ಅದೊಂದೇ. ಮುಂದೆ ಬರೆದಿರುವುದೆಲ್ಲ ಅದು ಯಾಕೆ ಬೇಕು ಎಂಬುದರ ವಿವರ.

ನೀವು ಸಚಿವರಾದ ಮೇಲೆ ಎಚ್‌ಎಂಟಿಯನ್ನು ಮತ್ತೆ ಎಬ್ಬಿಸುವ ಮಾತಾಡಿದ್ದೀರಿ. ಆ ಸುದ್ದಿ ಓದಿ ಖುಷಿಪಟ್ಟವರಲ್ಲಿ ನಾನೂ ಒಬ್ಬ. ಆದರೆ ಅದು ದೊಡ್ಡ ಕೆಲಸ, ಹಣ ಬೇಕು, ವರ್ಷಗಳು ಬೇಕು. ನಾನು ಕೇಳುತ್ತಿರುವುದಕ್ಕೆ ಶೆಡ್ಡು ಬೇಡ, ಹೊಸ ಯಂತ್ರ ಬೇಡ, ಸಂಪುಟದ ಒಪ್ಪಿಗೆ ಬೇಕಾದಷ್ಟು ದೊಡ್ಡ ಖರ್ಚೂ ಇಲ್ಲ. ಕಪಾಟಿನಲ್ಲಿರುವ ಕಾಗದ ಹೊರಗೆ ಬಂದರೆ ಸಾಕು.

ಎಚ್‌ಎಂಟಿ ನಮ್ಮ ಬೆಂಗಳೂರಿನಲ್ಲಿ 1953ರಲ್ಲಿ ಹುಟ್ಟಿದ್ದು. ಜನ ವಾಚಿನ ಹೆಸರಲ್ಲಿ ನೆನೆಯುತ್ತಾರೆ. ಊರ ಕಡೆ ನಾವು ಟ್ರ್ಯಾಕ್ಟರಿನ ಹೆಸರಲ್ಲಿ ನೆನೆಯುತ್ತೇವೆ. 1971ರಲ್ಲಿ ಆಗಿನ ಚೆಕೊಸ್ಲೊವಾಕಿಯಾದ ಜೀಟರ್ ತಂತ್ರಜ್ಞಾನ ತಂದು ಹರಿಯಾಣದ ಪಿಂಜೋರಿನಲ್ಲಿ ಟ್ರ್ಯಾಕ್ಟರ್ ಮಾಡಲು ಶುರು ಮಾಡಿದರು. 2511 ಎಂಬ ಮಾಡೆಲ್ಲು 25 ಅಶ್ವಶಕ್ತಿಯದು, ಎರಡೇ ಸಿಲಿಂಡರ್. ಆಮೇಲೆ 3511, 5911 ಎಲ್ಲ ಬಂದವು. 2016ರ ಅಕ್ಟೋಬರಿನಲ್ಲಿ ಕೇಂದ್ರ ಸಂಪುಟ ಈ ವಿಭಾಗವನ್ನು ಮುಚ್ಚಲು ಒಪ್ಪಿಗೆ ಕೊಟ್ಟಿತು. ಕಾರ್ಮಿಕರಿಗೆ ಸ್ವಯಂನಿವೃತ್ತಿ ಕೊಟ್ಟರು. ಜಮೀನಿನ ಒಂದು ಭಾಗ ಹರಿಯಾಣ ಸರ್ಕಾರಕ್ಕೆ ಹೋಯಿತು. ಟ್ರ್ಯಾಕ್ಟರುಗಳು ಮಾತ್ರ ನಮ್ಮ ಕೊಟ್ಟಿಗೆಯ ಪಕ್ಕದಲ್ಲೇ ಇವೆ, ಈಗಲೂ ದುಡಿಯುತ್ತಿವೆ.

ಹಳೆಯ ಟ್ರ್ಯಾಕ್ಟರ್ ಎಂದರೆ ಎಚ್‌ಎಂಟಿ ಒಂದೇ ಅಲ್ಲ, ನನಗೆ ಗೊತ್ತು. ಆದರೆ ಬೇರೆಯವಕ್ಕೂ ಇದಕ್ಕೂ ಒಂದು ದೊಡ್ಡ ವ್ಯತ್ಯಾಸ ಇದೆ. 1959ರಲ್ಲಿ ಫರೀದಾಬಾದಿನಿಂದ ಹೊರಬಂದ ಐಷರ್ ಟ್ರ್ಯಾಕ್ಟರಿನ ವ್ಯವಹಾರವನ್ನು 2005ರಲ್ಲಿ ಟಾಫೆ ಕಂಪನಿ ಕೊಂಡಿತು. ಪಂಜಾಬಿನ ಸ್ವರಾಜ್ 2007ರಲ್ಲಿ ಮಹೀಂದ್ರ ಕೈಗೆ ಬಂತು. ಎಸ್ಕಾರ್ಟ್ಸ್‌ನವರು ಮಾಡುತ್ತಿದ್ದ ಫೋರ್ಡ್ ಟ್ರ್ಯಾಕ್ಟರ್ ಆ ಹೆಸರು ಬಿಟ್ಟು ಫಾರ್ಮ್‌ಟ್ರ್ಯಾಕ್ ಆಯಿತು. ಅವಕ್ಕೆಲ್ಲ ಒಬ್ಬೊಬ್ಬ ವಾರಸುದಾರ ಇದ್ದಾನೆ. ಸಿಗುತ್ತೋ ಬಿಡುತ್ತೋ, ಹೋಗಿ ಕೇಳಲು ಒಂದು ಕೌಂಟರ್ ಇದೆ. ಎಚ್‌ಎಂಟಿ ಟ್ರ್ಯಾಕ್ಟರಿಗೆ ವಾರಸುದಾರ ಅಂತ ಇರುವುದು ಸರ್ಕಾರ ಒಂದೇ. ಅಂದರೆ ನಿಮ್ಮ ಇಲಾಖೆ. ಅದಕ್ಕೇ ಈ ಪತ್ರ ನಿಮಗೆ.

ಹೊಸದು ತಗೊಳ್ಳಿ ಎಂದು ಹೇಳುವವರು ತುಂಬಾ ಜನ. ನಮ್ಮ ಕಡೆಯ ಹಿಡುವಳಿ ನೋಡಿದರೆ ಆ ಮಾತು ಅಷ್ಟು ಸುಲಭವಾಗಿ ಬರುವುದಿಲ್ಲ. ಬನವಾಸಿ ಸೀಮೆಯಲ್ಲಿ ವರದಾ ನದಿ ದಂಡೆಯ ಗದ್ದೆ, ಸ್ವಲ್ಪ ಅನಾನಸು, ಶುಂಠಿ, ಜೋಳ. ಮೇಲೆ ಹೋದರೆ ಅಡಿಕೆ ತೋಟ. ಟ್ರ್ಯಾಕ್ಟರಿಗೆ ಜೂನ್ ಜುಲೈಯಲ್ಲಿ ಕೇಜ್ ವೀಲ್ ಎಂಬ ಕಬ್ಬಿಣದ ಗಾಲಿ ಹಾಕಿ ಗದ್ದೆ ಕಲಸುವ ಕೆಲಸ. ಆಮೇಲೆ ತೋಟಕ್ಕೆ ಮಣ್ಣು, ಗೊಬ್ಬರ, ಸೊಪ್ಪಿನಬೆಟ್ಟದಿಂದ ದರಕು (ಒಣ ಎಲೆ) ಸಾಗಿಸುವುದು. ಸುಗ್ಗಿಯಲ್ಲಿ ಬತ್ತದ ಚೀಲ. ಇಷ್ಟಕ್ಕೆ 25 ಅಶ್ವಶಕ್ತಿ ಧಾರಾಳ ಸಾಕು. ಸಣ್ಣ ಗದ್ದೆಯಲ್ಲಿ ತಿರುಗಿಸಲು ಸಣ್ಣ ಟ್ರ್ಯಾಕ್ಟರೇ ವಾಸಿ. ಹೊಸದಕ್ಕೆ ಆರೇಳು ಲಕ್ಷ ಸಾಲ ಮಾಡಿ, ಉಳಿದ ತಿಂಗಳು ಅದನ್ನು ಶೆಡ್ಡಿನಲ್ಲಿ ನಿಲ್ಲಿಸಿ ಕಂತು ಕಟ್ಟುವುದು ಎರಡು ಎಕರೆಯವನಿಗೆ ಆಗುವ ಮಾತಾ? ಅಪ್ಪನ ಕಾಲದ ಟ್ರ್ಯಾಕ್ಟರನ್ನು ನಡೆಸಿಕೊಂಡು ಹೋಗುವುದರಿಂದ ಎಷ್ಟೋ ಮನೆ ಸಾಲದಿಂದ ದೂರ ಉಳಿದಿವೆ.

ಕಾನೂನಿನ ಅಡ್ಡಿಯೂ ಇಲ್ಲ. ಹತ್ತು ವರ್ಷ ಆದ ಟ್ರ್ಯಾಕ್ಟರನ್ನು ಗುಜರಿಗೆ ಹಾಕಬೇಕು ಎಂಬ ಸುಳ್ಳು ಸುದ್ದಿ ಹಬ್ಬಿದಾಗ 2023ರಲ್ಲಿ ಕೇಂದ್ರ ಸಾರಿಗೆ ಸಚಿವಾಲಯವೇ ಸ್ಪಷ್ಟ ಮಾಡಿತು. ಕೃಷಿ ಟ್ರ್ಯಾಕ್ಟರಿನ ನೋಂದಣಿ ಮೊದಲಿಗೆ 15 ವರ್ಷ, ಆಮೇಲೆ ಐದೈದು ವರ್ಷಕ್ಕೆ ನವೀಕರಿಸಬಹುದು. ಅಂದರೆ ಸರಿಯಾಗಿ ನೋಡಿಕೊಂಡರೆ ಇದು ಓಡಬಹುದು ಎಂದು ಸರ್ಕಾರವೇ ಒಪ್ಪಿದ ಹಾಗಾಯಿತು. ಓಡಬಹುದು ಎಂದ ಮೇಲೆ ರಿಪೇರಿಗೂ ದಾರಿ ಇರಬೇಕು, ಅಲ್ವಾ?

ಈಗ ರಿಪೇರಿಯ ವಿಷಯಕ್ಕೆ ಬರುತ್ತೇನೆ. ಎಲ್ಲಾ ಪಾರ್ಟೂ ಸಿಗುವುದಿಲ್ಲ ಎಂದು ನಾನು ದೂರುತ್ತಿಲ್ಲ. ಸಿಗುವುದು ತುಂಬಾ ಇವೆ. ಬೇರಿಂಗಿಗೆ ತೊಂದರೆಯೇ ಇಲ್ಲ. ಅದರ ಮೇಲೆ 6207 ಎಂದು ಕೊರೆದಿದ್ದರೆ ಒಳಗಿನ ತೂತು 35 ಮಿಲಿಮೀಟರ್, ಹೊರಗೆ 72, ದಪ್ಪ 17. ಯಾವ ಕಂಪನಿ ಮಾಡಿದರೂ, ಯಾವ ದೇಶದಲ್ಲಿ ಮಾಡಿದರೂ ಅಷ್ಟೇ. ಕೊನೆಯ ಎರಡು ಅಂಕಿಯನ್ನು ಐದರಿಂದ ಗುಣಿಸಿದರೆ ತೂತಿನ ಅಳತೆ ಸಿಗುತ್ತದೆ ಎಂದು ಗ್ಯಾರೇಜಿನ ಹುಡುಗರಿಗೂ ಗೊತ್ತು. ಆಯಿಲ್ ಸೀಲೂ ಹಾಗೆಯೇ. 35-52-7 ಎಂದು ಅದರ ಮೈಮೇಲೆ ಬರೆದಿರುತ್ತದೆ. ಟ್ರ್ಯಾಕ್ಟರಿನ ಹೆಸರು ಹೇಳದೆ ಬರೀ ಅಳತೆ ಹೇಳಿದರೂ ಅಂಗಡಿಯವ ತೆಗೆದುಕೊಡುತ್ತಾನೆ. ಡೀಸೆಲ್ ಪಂಪು, ನಾಜಲ್ ಕೆಲಸ ಮಾಡುವವರು ಹುಬ್ಬಳ್ಳಿಯಲ್ಲಿ ಸಿಗುತ್ತಾರೆ. ಪಿಸ್ಟನ್, ಲೈನರ್, ರಿಂಗಿನ ಸೆಟ್ಟು ಉತ್ತರದ ಊರುಗಳಿಂದ ಬರುತ್ತದೆ.

ಆದರೆ ಸೆಟ್ಟು ಬಂದರೆ ಸಾಲದು. ಲೈನರ್ ಎಂದರೆ ಪಿಸ್ಟನ್ ಓಡಾಡುವ ಕೊಳವೆ. ಈ ಎಂಜಿನ್ನಿನದು ನೀರಿನ ಲೈನರ್. ಲೈನರಿನ ಹೊರಮೈಗೆ ನೇರವಾಗಿ ನೀರು ತಾಗುತ್ತದೆ, ಕೆಳಗಡೆ ರಬ್ಬರ್ ರಿಂಗು ಆ ನೀರನ್ನು ತಡೆಯುತ್ತದೆ. ಆ ರಿಂಗು ಕೂರಿಸುವ ಕಚ್ಚಿನ ಅಳತೆ ಕೂದಲೆಳೆಯಷ್ಟು ತಪ್ಪಿದರೂ, ರಬ್ಬರ್ ಒಂದು ನಂಬರ್ ದಪ್ಪ ಆದರೂ ತೆಳ್ಳಗಾದರೂ ನೀರು ಕೆಳಗೆ ಇಳಿಯುತ್ತದೆ. ಡಿಪ್‌ಸ್ಟಿಕ್ ಎತ್ತಿ ನೋಡಿದರೆ ಆಯಿಲ್ ಹಾಲು ಹಾಕಿದ ಚಹಾದ ಬಣ್ಣಕ್ಕೆ ತಿರುಗಿರುತ್ತದೆ. ಆ ಆಯಿಲಿನಲ್ಲಿ ಓಡಿಸಿದರೆ ಕ್ರ್ಯಾಂಕಿನ ಬೇರಿಂಗು ಹೋಯಿತೆಂದೇ ಲೆಕ್ಕ. ಲೈನರಿನ ಅಂಚು ಬ್ಲಾಕಿನ ಮೇಲೆ ಎಷ್ಟು ಎತ್ತರ ನಿಲ್ಲಬೇಕು, ಎಷ್ಟು ಸವೆದರೆ ತೆಗೆದು ಬಿಸಾಡಬೇಕು ಎಂಬುದು ಮ್ಯಾನ್ಯುಯಲ್ಲಿನಲ್ಲಿ ಇರುತ್ತದೆ. ನಮ್ಮ ಹತ್ತಿರ ಇರುವುದು ಹಿರಿಯ ಮೇಸ್ತ್ರಿಗಳ ಬೆರಳಿನ ಅಂದಾಜು. ಆ ಬೆರಳುಗಳ ಮೇಲೆ ನನಗೆ ಬಹಳ ಗೌರವ ಇದೆ. ಆದರೆ ಅವರಿಗೆ ವಯಸ್ಸಾಯಿತು. ಕಲಿಯಲು ಬಂದ ಹುಡುಗನಿಗೆ ಕೊಡಲು ಒಂದು ಪುಸ್ತಕವೂ ಇಲ್ಲ.

ನಿಜವಾದ ಕಷ್ಟ ಇರುವುದು ಗೇರಿನಲ್ಲಿ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ನೀವು ಎಚ್‌ಎಂಟಿ ಎಂಜಿನಿಯರುಗಳನ್ನು ಕರೆದು ಕೇಳಿದರೆ ಅವರು ನನಗಿಂತ ಚೆನ್ನಾಗಿ ಹೇಳುತ್ತಾರೆ.

ಒಂದು ವರ್ಷ ಆರಿದ್ರಾ ಮಳೆ ಹಿಡಿದ ವಾರದಲ್ಲೇ ನಮ್ಮ 2511ರ ಗೇರ್‌ಬಾಕ್ಸಿನಲ್ಲಿ ಒಂದು ಗೇರಿನ ಹಲ್ಲು ಹೋಯಿತು. ಬಿಚ್ಚಿದರೆ ಮೂರು ಹಲ್ಲು ಚೂರಾಗಿ ಆಯಿಲಿನ ತಳದಲ್ಲಿ ಕೂತಿದ್ದವು. ಹೊಸ ಗೇರ್ ಎಲ್ಲೂ ಇಲ್ಲ. ಗುಜರಿಯಲ್ಲಿ ಸಿಕ್ಕಿದ್ದು ಇನ್ನೊಂದು ಮಾಡೆಲ್ಲಿನದು. ಕೊನೆಗೆ ಒಡೆದ ಗೇರನ್ನೇ ಮಾದರಿಯಾಗಿ ಹಿಡಿದುಕೊಂಡು ಗೇರ್ ಕಡಿಯುವ ಒಂದು ವರ್ಕ್‌ಶಾಪಿಗೆ ಹೋದೆವು. ಅವರು ಹಲ್ಲು ಎಣಿಸಿದರು, ಹೊರಗಿನ ಸುತ್ತಳತೆ ತೆಗೆದರು, ಲೆಕ್ಕ ಹಾಕಿ ಕಡಿದುಕೊಟ್ಟರು. ಅವರ ಕೈಯಲ್ಲಿ ತಪ್ಪಿರಲಿಲ್ಲ. ಕಾಗದವೇ ಇಲ್ಲದೆ ಅದಕ್ಕಿಂತ ಜಾಸ್ತಿ ಯಾರೂ ಮಾಡಲಾರರು. ಆ ಗೇರ್ ಮುಂದಿನ ಮಳೆಗಾಲ ನೋಡಲಿಲ್ಲ. ಹಲ್ಲಿನ ಮೈ ಸವೆದು ಚೂಪಾಗಿತ್ತು, ಪಕ್ಕದ ಗೇರನ್ನೂ ತಿಂದುಹಾಕಿತ್ತು.

ಯಾಕೆ ಹೀಗಾಯಿತು? ಮಾದರಿಗೆ ಕೊಟ್ಟದ್ದೇ ಸವೆದ ಗೇರ್. ಆ ಸವೆತವೂ ಹೊಸದರಲ್ಲಿ ಸೇರಿಕೊಂಡಿತು. ಹಲ್ಲಿನ ಮಾಡ್ಯೂಲು ಅಂದರೆ ಗಾತ್ರದ ಅಳತೆ, ಒತ್ತಡದ ಕೋನ, ಹಲ್ಲಿನ ಆಕಾರಕ್ಕೆ ಮಾಡಿದ ಸಣ್ಣ ಕರೆಕ್ಷನ್ನು ಇವೆಲ್ಲ ಒಡೆದ ತುಂಡಿನಿಂದ ಪೂರ್ತಿ ತಿಳಿಯುವುದಿಲ್ಲ. ಅದಕ್ಕಿಂತ ಮುಖ್ಯ ಉಕ್ಕು. ಟ್ರ್ಯಾಕ್ಟರಿನ ಗೇರಿಗೆ ಮೇಲ್ಮೈ ಮಾತ್ರ ಗಟ್ಟಿ ಮಾಡುವ ಜಾತಿಯ ಉಕ್ಕು ಬೇಕು. 20 ಎಂಎನ್‌ಸಿಆರ್5, ಇಎನ್353 ಇಂಥವು. ಅದನ್ನು ಕಡಿದ ಮೇಲೆ ಕಾರ್ಬನ್ ತುಂಬಿದ ಕುಲುಮೆಯಲ್ಲಿ ಗಂಟೆಗಟ್ಟಲೆ ಕಾಯಿಸಿ, ಆಯಿಲಿನಲ್ಲಿ ತಣಿಸಿ, ಮತ್ತೆ ಹದ ಮಾಡುತ್ತಾರೆ. ಆಗ ಹಲ್ಲಿನ ಮೇಲಿನ ತೆಳು ಪದರ ಕಲ್ಲಿನಂತೆ ಗಟ್ಟಿ, ಒಳಗಿನ ತಿರುಳು ಪೆಟ್ಟು ತಿನ್ನುವಷ್ಟು ಮೆತ್ತಗೆ. ಆ ಪದರ ಎಷ್ಟು ಆಳ, ಎಷ್ಟು ಗಟ್ಟಿ ಎಂಬುದು ಡ್ರಾಯಿಂಗಿನ ಮೂಲೆಯಲ್ಲಿ ಒಂದೆರಡು ಸಾಲು ಅಷ್ಟೇ. ಆ ಸಾಲು ಇಲ್ಲದಿದ್ದರೆ ವರ್ಕ್‌ಶಾಪಿನವರು ಕೈಗೆ ಸಿಕ್ಕ ಇಎನ್8 ಎಂಬ ಸಾಮಾನ್ಯ ಉಕ್ಕಿನ ಸರಳಿನಲ್ಲಿ ಕಡಿಯುತ್ತಾರೆ. ಅದು ಶಾಫ್ಟಿಗೆ, ಪಿನ್ನಿಗೆ ಚೆನ್ನ. ಗೇರಿಗೆ ಸಾಲದು.

ಹೈಡ್ರಾಲಿಕ್ ಕವರಿನ ಕಥೆ ಬೇರೆ. ಅದು ಬೀಡು ಕಬ್ಬಿಣದ ಎರಕ. ಭಾರ ಎತ್ತುವಾಗ ಸೀಳು ಬಿಟ್ಟರೆ ನಮ್ಮ ಕಡೆಯ ವೆಲ್ಡರುಗಳು ಮೊದಲು ಇಡೀ ತುಂಡನ್ನು ಕಾಯಿಸಿ, ನಿಕ್ಕಲ್ ರಾಡಿನಲ್ಲಿ ಒಂದೊಂದೇ ಇಂಚು ಬೆಸೆಯುತ್ತಾರೆ. ಪ್ರತಿ ಸಲ ಮೆಲ್ಲಗೆ ಸುತ್ತಿಗೆಯಿಂದ ತಟ್ಟುತ್ತಾರೆ. ಕೊನೆಗೆ ಬೂದಿಯಲ್ಲಿ ಹೂತು ರಾತ್ರಿಯಿಡೀ ತಣಿಯಲು ಬಿಡುತ್ತಾರೆ. ಬೇಗ ತಣಿದರೆ ಬೆಸುಗೆಯ ಪಕ್ಕದಲ್ಲೇ ಮತ್ತೆ ಸೀಳುತ್ತದೆ. ಇಷ್ಟು ನಾಜೂಕಾಗಿ ಕೆಲಸ ಮಾಡುವವರು ಸಿದ್ದಾಪುರ, ಶಿರಸಿ, ಮುಂಡಗೋಡದಲ್ಲಿ ಇನ್ನೂ ಇದ್ದಾರೆ. ಇವರನ್ನು ಯಾರೂ ಎಂಜಿನಿಯರ್ ಅನ್ನುವುದಿಲ್ಲ. ನನಗೆ ಕೇಳಿದರೆ ನಾನು ಅನ್ನುತ್ತೇನೆ.

ಘಟ್ಟದ ಕೆಳಗೆ ಸಮಸ್ಯೆ ಇನ್ನೂ ಒಂದು ಕೈ ಜಾಸ್ತಿ. ಕುಮಟಾ, ಅಂಕೋಲಾ ಕಡೆಯ ಗಜನಿ ಗದ್ದೆಗಳಿಗೆ ಸಮುದ್ರದ ಉಪ್ಪುನೀರು ಹತ್ತುತ್ತದೆ. ಕಗ್ಗದ ಬತ್ತ ಅದನ್ನು ತಡೆದುಕೊಳ್ಳುತ್ತದೆ, ಕಬ್ಬಿಣ ತಡೆದುಕೊಳ್ಳುವುದಿಲ್ಲ. ಹಿಂದಿನ ಆಕ್ಸಲಿನ ಸೀಲಿನಿಂದ ಉಪ್ಪಿನ ಕೆಸರು ಒಳಗೆ ಸೇರಿತೆಂದರೆ ಬ್ರೇಕು, ಬೇರಿಂಗು, ಹಬ್ಬು ಒಂದೊಂದೇ ಹಿಡಿಯುತ್ತಾ ಬರುತ್ತವೆ. ಮುಂದಿನ ಗಾಲಿಯ ಕಿಂಗ್ ಪಿನ್ನಿನ ಬುಶ್ಶು ಎರಡೇ ಮಳೆಗಾಲದಲ್ಲಿ ಲಡಬಡ. ಅಲ್ಲಿಯವರಿಗೆ ಪಾರ್ಟು ಬೇಕಾಗುವುದು ನಮಗಿಂತ ಹೆಚ್ಚು ಸಲ. ಅವರು ದೇವಿಮನೆ ಘಟ್ಟ ಹತ್ತಿ ಶಿರಸಿಗೆ ಬರುತ್ತಾರೆ, ಇಲ್ಲಿ ಸಿಗದೆ ಮುಂಡಗೋಡ ಮೇಲೆ ಹುಬ್ಬಳ್ಳಿಗೆ ಹೋಗುತ್ತಾರೆ. ನಾಟಿ ಹೊತ್ತಿನಲ್ಲಿ ಹಾಗೆ ಹೋದ ಒಂದು ದಿನಕ್ಕೆ ಸಸಿಮಡಿಯಲ್ಲಿ ಸಸಿ ಬಲಿಯುತ್ತದೆ, ಕರೆದ ಆಳು ಬೇರೆಯವರ ಗದ್ದೆಗೆ ಹೋಗುತ್ತಾರೆ.

ಇಷ್ಟೆಲ್ಲ ಹೇಳಿದ್ದು ಒಂದು ಮಾತಿಗೋಸ್ಕರ. ಮಾಡುವ ಕೈ ನಮ್ಮಲ್ಲೇ ಇದೆ. ಹುಬ್ಬಳ್ಳಿಯಲ್ಲಿ ಗೇರ್ ಕಡಿಯುವವರಿದ್ದಾರೆ. ಬೆಳಗಾವಿಯ ಉದ್ಯಮಬಾಗದಲ್ಲಿ ಫೌಂಡ್ರಿಗಳಿವೆ, ಉಕ್ಕು ಹದ ಮಾಡುವ ಕುಲುಮೆಗಳಿವೆ. ರಾಜ್ಯದ 150 ಸರ್ಕಾರಿ ಐಟಿಐಗಳನ್ನು ಮೇಲ್ದರ್ಜೆಗೆ ಏರಿಸಿದಾಗ ಕಂಪ್ಯೂಟರಿನಿಂದ ನಡೆಯುವ ಸಿಎನ್‌ಸಿ ಯಂತ್ರಗಳನ್ನು ಕೊಟ್ಟಿದ್ದಾರೆ. ಅಲ್ಲಿ ಕಲಿಯುವ ಮಕ್ಕಳು ಸುಮ್ನೆ ಅಭ್ಯಾಸಕ್ಕೆಂದು ಕಬ್ಬಿಣ ತಿರುವಿ ಗುಜರಿಗೆ ಹಾಕುವ ಬದಲು ಒಂದು ಬುಶ್ಶು, ಒಂದು ಪಿನ್ನು ತಿರುವಿದರೆ ಅದು ಯಾರದ್ದೋ ಟ್ರ್ಯಾಕ್ಟರಿಗೆ ಹೋಗಿ ಕೂರುತ್ತದೆ. ಮೆಕ್ಯಾನಿಕ್ ಟ್ರ್ಯಾಕ್ಟರ್ ಎಂಬ ಒಂದು ವರ್ಷದ ಕೋರ್ಸೇ ಐಟಿಐ ಪಟ್ಟಿಯಲ್ಲಿದೆ. ಆ ಮಕ್ಕಳಿಗೆ ಎಚ್‌ಎಂಟಿಯ ಡ್ರಾಯಿಂಗಿಗಿಂತ ಒಳ್ಳೆಯ ಪಾಠ ಯಾವುದಿದೆ? ಜೀಟರಿನ ಆ ಸರಣಿಯ ಮಾಡೆಲ್ಲುಗಳಿಗೆ ಎಷ್ಟೋ ಭಾಗ ಒಂದೇ. ಹಾಗಾಗಿ ಒಂದು ಡ್ರಾಯಿಂಗ್ ಹೊರಬಂದರೆ ಹಲವು ಟ್ರ್ಯಾಕ್ಟರಿಗೆ ಆಗುತ್ತದೆ.

ನಿಮ್ಮ ಅಧಿಕಾರಿಗಳು ಏನು ಹೇಳಬಹುದು ಎಂದು ನಾನೂ ಯೋಚಿಸಿದ್ದೇನೆ. ಇದು ಕಂಪನಿಯ ವ್ಯಾಪಾರದ ಗುಟ್ಟು ಅನ್ನಬಹುದು. 2005ರ ಮಾಹಿತಿ ಹಕ್ಕು ಕಾಯ್ದೆಯ 8(1)(ಡಿ) ಕಲಮು ಅಂಥ ಗುಟ್ಟನ್ನು ಕಾಯುತ್ತದೆ, ಸರಿ. ಆದರೆ ಕೊಟ್ಟರೆ ಪೈಪೋಟಿಯಲ್ಲಿ ಸಂಸ್ಥೆಗೆ ನಷ್ಟ ಆಗುವಂತಿರಬೇಕು ಎಂದೂ ಅದರಲ್ಲೇ ಇದೆ, ಸಾರ್ವಜನಿಕರ ಹಿತ ದೊಡ್ಡದಾದರೆ ಕೊಡಬಹುದು ಎಂದೂ ಇದೆ. ಟ್ರ್ಯಾಕ್ಟರ್ ಮಾಡುವುದನ್ನೇ ಬಿಟ್ಟ ಮೇಲೆ ಯಾರ ಜೊತೆ ಪೈಪೋಟಿ? ಪೇಟೆಂಟ್ ಇದೆ ಅನ್ನಬಹುದು. ಪೇಟೆಂಟಿನ ಆಯಸ್ಸು 20 ವರ್ಷ, ಇದು 1971ರಲ್ಲಿ ಬಂದ ಎಂಜಿನ್ನು. ಜೀಟರಿನವರ ಜೊತೆಗಿನ ಒಪ್ಪಂದ ಅಡ್ಡ ಬರುತ್ತದೆ ಅನ್ನಬಹುದು. ಹಾಗಿದ್ದರೆ ಅವರಿಗೊಂದು ಪತ್ರ ಬರೆದು ಕೇಳಿ. ಪಾರ್ಟ್ಸ್ ಕ್ಯಾಟಲಾಗಿಗಂತೂ ಯಾವ ತಕರಾರೂ ಬರಬಾರದು, ಅದು ಮೊದಲೇ ಡೀಲರುಗಳಿಗೆ ಹಂಚಿದ ಪುಸ್ತಕ.

ಯಾರು ಬೇಕಾದರೂ ಮಾಡಿದರೆ ಕಳಪೆ ಪಾರ್ಟು ಬಂದು ಅಪಾಯ ಆಗಬಹುದು ಎಂಬುದು ಇನ್ನೊಂದು ಮಾತು. ಇದನ್ನು ನಾನು ಹಗುರವಾಗಿ ತಗೊಳ್ಳುವುದಿಲ್ಲ. ಸ್ಟೇರಿಂಗಿನ ಒಂದು ತುಂಡು ಮುರಿದರೆ ಟ್ರ್ಯಾಕ್ಟರ್ ಮಗುಚುತ್ತದೆ, ಜೀವ ಹೋಗುತ್ತದೆ. ಆದರೆ ಇವತ್ತು ಆಗುತ್ತಿರುವುದೇ ಅದು. ಡ್ರಾಯಿಂಗ್ ಇಲ್ಲದೆ, ಉಕ್ಕಿನ ಹೆಸರಿಲ್ಲದೆ, ಅಂದಾಜಿನಲ್ಲಿ ಮಾಡಿದ ಪಾರ್ಟು ಒಳ್ಳೆಯ ಡಬ್ಬಿಯಲ್ಲಿ ಬಂದು ಕೌಂಟರಿನ ಮೇಲೆ ಕೂತಿದೆ. ಅದು ಸರಿಯೋ ತಪ್ಪೋ ಎಂದು ತೂಗಿ ನೋಡಲು ಕೊಳ್ಳುವವನ ಕೈಯಲ್ಲಿ ಏನೂ ಇಲ್ಲ. ಡ್ರಾಯಿಂಗ್ ಇದ್ದರೆ ವರ್ನಿಯರ್ ಹಿಡಿದು ಅಳೆದು ಬೇಡ ಅನ್ನಬಹುದು. ಗಟ್ಟಿತನ ಪರೀಕ್ಷೆ ಮಾಡಿಸಿ ವಾಪಸ್ ಕೊಡಬಹುದು.

ಸರ್ಕಾರಕ್ಕೆ ಈ ದಾರಿ ಹೊಸದೂ ಅಲ್ಲ. ಮಧ್ಯಪ್ರದೇಶದ ಬುದ್ನಿಯ ಕೃಷಿ ಯಂತ್ರ ಪರೀಕ್ಷಾ ಸಂಸ್ಥೆ ಟ್ರ್ಯಾಕ್ಟರುಗಳನ್ನು ಬಿಚ್ಚಿ ನೋಡಿ, ಯಾವ ಭಾಗ ಎಷ್ಟು ಸವೆದಿದೆ, ಎಷ್ಟು ಸವೆದರೆ ಬದಲಿಸಬೇಕು ಎಂದು ವರದಿಯಲ್ಲಿ ಅಚ್ಚು ಹಾಕುತ್ತದೆ. 2022ರಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ರಿಪೇರಿ ಹಕ್ಕಿಗಾಗಿ ಸಮಿತಿ ಮಾಡಿತು. ಅದು ಆರಿಸಿಕೊಂಡ ನಾಲ್ಕು ಕ್ಷೇತ್ರಗಳಲ್ಲಿ ಕೃಷಿ ಯಂತ್ರವೂ ಒಂದು. ಅದೇ ವರ್ಷ ಡಿಸೆಂಬರಿನಲ್ಲಿ ಜಾಲತಾಣವನ್ನೂ ತೆರೆದರು. 2025ರ ಸೆಪ್ಟೆಂಬರ್ 22ರಿಂದ ಟ್ರ್ಯಾಕ್ಟರಿನ ಟೈರು ಮತ್ತು ಹಲವು ಬಿಡಿಭಾಗಗಳ ಜಿಎಸ್‌ಟಿ ಶೇಕಡಾ 18ರಿಂದ 5ಕ್ಕೆ ಇಳಿದಿದೆ. ಇದು ಒಳ್ಳೆಯದೇ, ಆದರೆ ಸಿಗದ ಪಾರ್ಟಿಗೆ ತೆರಿಗೆ ಎಷ್ಟು ಇಳಿದರೇನು? ಖಾಸಗಿ ಕಂಪನಿಗಳಿಗೆ ಡ್ರಾಯಿಂಗ್ ಕೊಡಿ, ಮ್ಯಾನ್ಯುಯಲ್ ಕೊಡಿ ಎಂದು ಹೇಳುವ ಮೊದಲು ಸರ್ಕಾರ ತನ್ನದೇ ಸಂಸ್ಥೆಯದನ್ನು ಕೊಟ್ಟು ತೋರಿಸಿದರೆ ಆ ಮಾತಿಗೆ ತೂಕ ಬರುತ್ತದೆ. ಈಗ 50 ಅಶ್ವಶಕ್ತಿ ಮೇಲಿನ ಹೊಸ ಟ್ರ್ಯಾಕ್ಟರುಗಳಿಗೆ 2023ರಿಂದ ಹೊಸ ಹೊಗೆ ನಿಯಮ ಬಂದು ಎಂಜಿನ್ನಿಗೆ ಕಂಪ್ಯೂಟರ್ ಸೇರಿಕೊಳ್ಳುತ್ತಿದೆ. ಮುಂದೆ ಅವುಗಳ ಮಾಲೀಕರೂ ಇದೇ ಬಾಗಿಲಿಗೆ ಬರುತ್ತಾರೆ.

ಒಂದು ವಿಷಯದಲ್ಲಿ ಮಾತ್ರ ತಡ ಮಾಡಬೇಡಿ. ಪಿಂಜೋರಿನಲ್ಲಿ ಗೇರ್ ಕಡಿದವರು, ಕುಲುಮೆ ನೋಡಿಕೊಂಡವರು, ಹೈಡ್ರಾಲಿಕ್ ಜೋಡಿಸಿದವರು ಈಗ ನಿವೃತ್ತರು. ಡ್ರಾಯಿಂಗಿನಲ್ಲಿ ಬರೆಯದ ಎಷ್ಟೋ ವಿಷಯ ಅವರ ತಲೆಯಲ್ಲಿದೆ. ಯಾವ ವರ್ಷದಲ್ಲಿ ಯಾವ ಭಾಗ ಬದಲಾಯಿತು, ಯಾವುದಕ್ಕೆ ಯಾವುದು ಕೂರುತ್ತದೆ, ಎಲ್ಲಿ ತೊಂದರೆ ಬರುತ್ತಿತ್ತು ಎಲ್ಲ ಅವರಿಗೆ ಗೊತ್ತು. ಅವರನ್ನು ಕೂರಿಸಿಕೊಂಡು ಕಾಗದಗಳನ್ನು ವಿಂಗಡಿಸಿದರೆ ಕೆಲಸ ಬೇಗ ಆಗುತ್ತದೆ, ಅವರಿಗೂ ಸಂತೋಷ ಆಗುತ್ತದೆ. ತಾವು ಕಟ್ಟಿದ ಯಂತ್ರ ಬನವಾಸಿಯ ಗದ್ದೆಯಲ್ಲಿ ಇನ್ನೂ ಓಡುತ್ತಿದೆ ಎಂದು ತಿಳಿದರೆ ಯಾರಿಗೆ ಖುಷಿ ಆಗುವುದಿಲ್ಲ ಹೇಳಿ.

ಎಲ್ಲವನ್ನೂ ಒಂದೇ ಸಲ ಕೇಳುತ್ತಿಲ್ಲ. ಮೊದಲು 2511 ಮತ್ತು 3511ರ ಪಾರ್ಟ್ಸ್ ಕ್ಯಾಟಲಾಗು ಹಾಗೂ ಮ್ಯಾನ್ಯುಯಲ್ಲು ಬರಲಿ. ಆಮೇಲೆ ಗೇರ್‌ಬಾಕ್ಸಿನ ಡ್ರಾಯಿಂಗು, ನಂತರ ಹೈಡ್ರಾಲಿಕ್, ಸ್ಟೇರಿಂಗು, ಮುಂದಿನ ಆಕ್ಸಲು. ಪುಸ್ತಕ ಇಂಗ್ಲಿಷಿನಲ್ಲಿದ್ದರೂ ಅಡ್ಡಿಯಿಲ್ಲ, ಅಂಕಿ ಅಳತೆ ಎಲ್ಲರಿಗೂ ಅರ್ಥವಾಗುತ್ತದೆ. ಕನ್ನಡಕ್ಕೆ ತರುವ ಕೆಲಸವನ್ನು ನಾವೇ ಮಾಡಿಕೊಳ್ಳುತ್ತೇವೆ.

ನಮ್ಮ ಕಡೆಯಿಂದ ಏನು ಬೇಕು ಎಂದು ಅಧಿಕಾರಿಗಳು ಕೇಳಿದರೆ ಅದಕ್ಕೂ ತಯಾರಿದ್ದೇವೆ. ಶಿರಸಿ, ಮುಂಡಗೋಡ, ಹಳಿಯಾಳ, ಕುಮಟಾದ ಲೇಥಿನವರ ಮತ್ತು ಮೇಸ್ತ್ರಿಗಳ ಪಟ್ಟಿ ಮಾಡಿ ಕಳಿಸುತ್ತೇವೆ. ಡ್ರಾಯಿಂಗಿಗೂ ಇರುವ ಪಾರ್ಟಿಗೂ ತಾಳೆ ನೋಡಬೇಕಾದರೆ ನನ್ನ ಟ್ರ್ಯಾಕ್ಟರನ್ನೇ ಪೂರ್ತಿ ಬಿಚ್ಚಿ ಇಡುತ್ತೇನೆ, ಬಂದು ಅಳೆದುಕೊಳ್ಳಲಿ. ಬರುವುದಾದರೆ ಏಪ್ರಿಲ್ ಒಳಗೆ ಬರಲು ಹೇಳಿ. ಮೇ ಕೊನೆಗೆ ಅದನ್ನು ಮತ್ತೆ ಜೋಡಿಸಿ ಕೇಜ್ ವೀಲ್ ಹಾಕಬೇಕು.

ಇಂತಿ,
ಬನವಾಸಿ ಹೋಬಳಿಯ ಒಬ್ಬ ರೈತ